ಮೊಲವೋ, ಗಿನಿಪಿಗ್ಗೋ? ಒಂದೇ ಖೋಲಿಯ ಸಂಸಾರಕ್ಕೊಂದು ಪಾಠ



ಹಿಂದಿನ ಭಾನುವಾರ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಮಡಿಚಿಡುವ ಹೊತ್ತಿಗೆ ಒಂದು ಸಣ್ಣ ವಾದ ಹುಟ್ಟಿತು. ಹೋಟೆಲಿನಲ್ಲಿ ದುಡಿಯುವ ಸದಸ್ಯರೊಬ್ಬರು ಮಗನ ಹಟಕ್ಕೆ ಸೋತು ಒಂದು ಮೊಲವನ್ನು ಕೊಳ್ಳುವವರಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಗುಮಾಸ್ತರೊಬ್ಬರು, "ಮೊಲ ಬೇಡ ಮಾರಾಯರೇ, ಗಿನಿಪಿಗ್ಗು ತನ್ನಿ, ಅದಕ್ಕೆ ಖರ್ಚೇ ಇಲ್ಲ" ಎಂದರು. ಮೂರನೆಯವರು, "ಎರಡನ್ನೂ ತಂದು ಒಂದೇ ಪಂಜರದಲ್ಲಿ ಬಿಡಿ" ಎಂದು ಸಲಹೆ ಕೊಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಿಜವಾಗಿಯೂ ಮೊಲದ ವಿಷಯದಲ್ಲೇ ನಡೆದುದನ್ನು ಅಂದು ಕಂಡೆವು. ವಾದ ಮುಗಿಯಲಿಲ್ಲ, ಬಾಗಿಲು ಹಾಕುವ ಹೊತ್ತು ಮಾತ್ರ ಆಯಿತು.

ನಾವು ಮೆಟ್ರಿಕ್ಕಿನವರೆಗೆ ಓದಿದವರು, ಪಶುವೈದ್ಯರಲ್ಲ. ಹಗಲು ಗಿರಣಿಯಲ್ಲಿ ಜಮಾ-ಖರ್ಚು ಬರೆಯುವವರು, ಸಂಜೆ ಇಲ್ಲಿ ಪುಸ್ತಕದ ದಾಖಲೆ ಬರೆಯುವವರು. ಎರಡು ಕಡೆಯ ಲೆಕ್ಕವನ್ನೂ ಬರೆದು ನೋಡದೆ ತೀರ್ಮಾನ ಹೇಳುವುದು ನಮ್ಮ ಅಭ್ಯಾಸವಲ್ಲ. ಅಲ್ಲದೆ ಈ ಪಾಠಕ್ಕೆ ನಾವು ಒಮ್ಮೆ ಶುಲ್ಕ ಕೊಟ್ಟಿದ್ದೇವೆ. ಆ ಸಂಗತಿಯನ್ನು ಮುಂದೆ ಹೇಳುವೆವು. ಮೊದಲು ಈ ಎರಡು ಪ್ರಾಣಿಗಳು ಯಾವುವು ಎಂಬುದನ್ನು ತಿಳಿಯೋಣ.

1. ಹೆಸರು ಮತ್ತು ಹುಟ್ಟೂರು

ಕನ್ನಡದಲ್ಲಿ ಮೊಲವೆಂಬ ಒಂದೇ ಹೆಸರು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಊರಿನ ಕುರುಚಲು ಕಾಡಿನಲ್ಲೂ ಹೊಲದ ಬದುವಿನಲ್ಲೂ ಕಾಣುವ ಉದ್ದ ಕಾಲಿನ ಕಂದು ಮೊಲ ಒಂದು. ಅದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಅಡಗಿದ್ದು, ಅಪಾಯ ಬಂದಾಗ ಓಡಿ ಬದುಕುವ ಪ್ರಾಣಿ. ಅಂಗಡಿಯಲ್ಲಿ ಮಾರುವುದು ಇನ್ನೊಂದು. ಅದರ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ನೆಲದಲ್ಲಿ ಬಿಲ ತೋಡಿಕೊಂಡು ಗುಂಪಾಗಿ ಬಾಳುವುದು ಅವುಗಳ ಸ್ವಭಾವ. ಲೋಕದಲ್ಲಿ ಜನ ಸಾಕುವ ಮೊಲಗಳೆಲ್ಲ, ಬಿಳಿಯದಿರಲಿ ಕರಿಯದಿರಲಿ, ಆ ಒಂದೇ ವಂಶದವು.

ಈ ಭೇದವನ್ನು ತಿಳಿಯುವುದರಿಂದ ಪ್ರಯೋಜನವಿದೆ. ರಜೆಗೆ ಊರಿಗೆ ಹೋದಾಗ ಹೊಲದಲ್ಲಿ ಒಂಟಿಯಾಗಿ ಕುಳಿತ ಮರಿಯನ್ನು ಕಂಡು, ಅಯ್ಯೋ ತಬ್ಬಲಿ ಎಂದು ಎತ್ತಿಕೊಂಡು ಬರುವವರಿದ್ದಾರೆ. ಅದು ತಬ್ಬಲಿಯಲ್ಲ. ಅದರ ತಾಯಿ ಹಾಲೂಡಿಸುವ ಹೊತ್ತಿಗೆ ಮಾತ್ರ ಬಂದು ಹೋಗುತ್ತದೆ. ಕಾಡುಮೊಲವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ; ಅದನ್ನು ಹಿಡಿದು ಸಾಕುವುದು ಅಪರಾಧ. ಈ ಪಾಠದಲ್ಲಿ ಮೊಲವೆಂದರೆ ಸಾಕುಮೊಲ ಮಾತ್ರ.

ಗಿನಿಪಿಗ್ಗು ಹಂದಿಯೂ ಅಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಪ್ರದೇಶ ಅದರ ತವರು. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಮಾಂಸಕ್ಕಾಗಿ ಸಾಕತೊಡಗಿದರು. ಪೆರು ದೇಶದಲ್ಲಿ ಇಂದಿಗೂ ಅದನ್ನು ಕುಯ್ ಎಂದು ಕರೆಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ಅದು ಕಡಲು ದಾಟಿ ಯುರೋಪಿಗೆ ಬಂದಿತು. ಕೆಲವರು ಇದನ್ನು ಬಿಳಿ ಇಲಿಯೆಂದು ಕರೆಯುವುದುಂಟು. ಇಲಿಯ ದೂರದ ಬಳಗದ್ದು ಎಂಬುದು ನಿಜ. ಆದರೆ ಇದಕ್ಕೆ ಬಾಲವಿಲ್ಲ, ಗೋಡೆ ಹತ್ತುವ ಬುದ್ಧಿಯಿಲ್ಲ. ತೂಕ ಸುಮಾರು ಒಂದು ಕಿಲೋ. ಮೊಲವಾದರೋ ತಳಿಯನ್ನು ನೋಡಿ ಒಂದೂವರೆ ಕಿಲೋದಿಂದ ನಾಲ್ಕು ಕಿಲೋದವರೆಗೂ ಬೆಳೆಯುತ್ತದೆ. ಅಂಗಡಿಯಲ್ಲಿ ಅಂಗೈಯಗಲ ಇದ್ದ ಮರಿ ಆರು ತಿಂಗಳಲ್ಲಿ ಮಡಿಲು ತುಂಬುತ್ತದೆ ಎಂಬುದನ್ನು ಕೊಳ್ಳುವವರು ಯೋಚಿಸುವುದಿಲ್ಲ, ಮಾರುವವರು ಹೇಳುವುದಿಲ್ಲ.

2. ಜಾಗದ ಲೆಕ್ಕ

ನಮ್ಮಲ್ಲಿ ಬಹು ಮಂದಿಯ ಮನೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಖೋಲಿ. ಅಂದರೆ 120 ಚದರಡಿ. ಅದರಲ್ಲಿಯೇ ಒಲೆ, ಹಾಸಿಗೆ, ನೀರಿನ ಡ್ರಮ್ಮು, ಮಕ್ಕಳ ಓದು.

ಎರಡು ಗಿನಿಪಿಗ್ಗುಗಳಿಗೆ ಐದಡಿ ಉದ್ದ, ಎರಡೂವರೆ ಅಡಿ ಅಗಲದ ನೆಲ ಬೇಕು. ಇದು ಹನ್ನೆರಡೂವರೆ ಚದರಡಿ. ಅವು ಜಿಗಿಯುವ ಪ್ರಾಣಿಗಳಲ್ಲವಾದ್ದರಿಂದ ಒಂದೂವರೆ ಅಡಿ ಎತ್ತರದ ಅಡ್ಡಗೋಡೆ ಸಾಕು. ಆರಡಿಗೆ ಮೂರಡಿಯ ಮಂಚವಿದ್ದವರು ಅದರ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಮಂಚದ ಕೆಳಗೇ ಅವುಗಳ ಮನೆಯಾಗುತ್ತದೆ. ನಾವು ಮಾಡಿರುವುದೂ ಹಾಗೆಯೇ. ಆದರೆ ಚಾಳಿನಲ್ಲಿ ಹೆಗ್ಗಣ, ಬೆಕ್ಕುಗಳ ಕಾಟ ಇದ್ದೇ ಇರುತ್ತದೆ. ರಾತ್ರಿ ಮೇಲೆ ಜಾಲರಿ ಮುಚ್ಚುವುದನ್ನು ಮರೆಯಬಾರದು.

ಮೊಲ ಹಾಗಲ್ಲ. ಅದು ಓಡಬೇಕು, ಹಿಂಗಾಲಿನ ಮೇಲೆ ಎದ್ದು ನಿಲ್ಲಬೇಕು, ಸಂತೋಷವಾದಾಗ ಗಾಳಿಯಲ್ಲಿ ಎಗರಿ ಮೈ ತಿರುಗಿಸಬೇಕು. ಒಂದು ಜೋಡಿ ಮೊಲಕ್ಕೆ ಹತ್ತಡಿ ಉದ್ದ, ಆರೂವರೆ ಅಡಿ ಅಗಲದ ಸ್ಥಳ ಸದಾ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಇದು 65 ಚದರಡಿ. ನಮ್ಮ ಖೋಲಿಯ ಅರ್ಧಕ್ಕಿಂತ ಹೆಚ್ಚು. ಇದಕ್ಕೆ ಬದಲಾಗಿ ಜನ ಮೊಲವನ್ನು ಎರಡಡಿಯ ಕಬ್ಬಿಣದ ಪಂಜರದಲ್ಲಿಟ್ಟು ಗ್ಯಾಲರಿಯಲ್ಲಿ ನೇತುಹಾಕುತ್ತಾರೆ. ತಂತಿಯ ತಳದ ಮೇಲೆ ನಿಂತು ನಿಂತು ಅದರ ಅಂಗಾಲು ಹುಣ್ಣಾಗುತ್ತದೆ. ಕಾಲಿನ ಬಲವನ್ನೇ ನಂಬಿದ ಪ್ರಾಣಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ? ಪಂಜರದಿಂದ ಹೊರಗೆ ಬಿಟ್ಟರೆ ಕಚ್ಚುವ ಚಟ. ಮೊಬೈಲಿನ ಚಾರ್ಜರು, ಫ್ಯಾನಿನ ತಂತಿ, ಬಾಡಿಗೆ ಮನೆಯ ಬಾಗಿಲ ಚೌಕಟ್ಟು, ಯಾವುದನ್ನೂ ಬಿಡುವುದಿಲ್ಲ.

ಮೊಲದ ಪಕ್ಷದ ಮಾತನ್ನೂ ಹೇಳಬೇಕು. ಅದಕ್ಕೆ ಒಂದು ತಟ್ಟೆಯಲ್ಲಿ ಹುಲ್ಲು ಹಾಸಿಟ್ಟರೆ ಅಲ್ಲಿಯೇ ಮಲಮೂತ್ರ ಮಾಡುವುದನ್ನು ಕಲಿಯುತ್ತದೆ. ಗಿನಿಪಿಗ್ಗಿಗೆ ಆ ಶಿಸ್ತು ಬರುವುದು ಕಷ್ಟ. ಅದರ ನೆಲವನ್ನು ದಿನವೂ ಗುಡಿಸಿ, ಬಟ್ಟೆಯನ್ನೋ ಕಾಗದವನ್ನೋ ಬದಲಾಯಿಸಬೇಕು. ಹಳೆಯ ಪತ್ರಿಕೆ ಇದಕ್ಕೆ ಆಗುತ್ತದೆ. ಅದಕ್ಕಾಗಿ ವಾಚನಾಲಯದ ಪತ್ರಿಕೆಗಳನ್ನು ಮಾತ್ರ ಯಾರೂ ಕೇಳಬಾರದೆಂದು ಪ್ರಾರ್ಥನೆ. ಇನ್ನೊಂದು: ಮೊಲ ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ ಚುರುಕಾಗಿದ್ದು ಹಗಲೆಲ್ಲ ಒರಗಿರುತ್ತದೆ. ಕೆಲಸದಿಂದ ಸಂಜೆ ಮರಳುವವನಿಗೆ ಅದರ ಆಟ ನೋಡಲು ಸಿಗುತ್ತದೆ.

3. ಹೊಟ್ಟೆಯ ಲೆಕ್ಕ

ಎರಡೂ ಹುಲ್ಲಿನ ಪ್ರಾಣಿಗಳು. ಅವುಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಹುಲ್ಲನ್ನು ಅರೆದರೆ ಮಾತ್ರ ಸವೆಯುತ್ತದೆ. ಹೊಟ್ಟೆಯೂ ಸದಾ ಹುಲ್ಲಿನಿಂದ ನಡೆಯುತ್ತಿರಬೇಕು. ಆದುದರಿಂದ ಒಣಹುಲ್ಲು ಹಗಲು ರಾತ್ರಿ ಅವುಗಳ ಮುಂದಿರಬೇಕು. ಆಹಾರದ ಬಹುಪಾಲು ಅದೇ. ಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಒಣಹುಲ್ಲಿನ ಕಟ್ಟು ದೊರೆಯುತ್ತದೆ. ಗಣಪತಿ ಪೂಜೆಗೆಂದು ಹೂವಿನವರು ಮಾರುವ ಗರಿಕೆಯನ್ನು ಚೆನ್ನಾಗಿ ತೊಳೆದು ಕೊಟ್ಟರೆ ಎರಡಕ್ಕೂ ಹಬ್ಬ. ಅದರ ಮೇಲೆ ದಿನಕ್ಕೆ ಒಂದು ಬಟ್ಟಲು ಸೊಪ್ಪು.

ಚಿತ್ರಗಳಲ್ಲಿ ಮೊಲದ ಕೈಗೆ ಗಜ್ಜರಿ ಕೊಟ್ಟು ಬರೆದವರು ನಮ್ಮನ್ನೆಲ್ಲ ದಾರಿ ತಪ್ಪಿಸಿದ್ದಾರೆ. ಗಜ್ಜರಿಯಲ್ಲಿ ಸಕ್ಕರೆ ಹೆಚ್ಚು. ಅದು ಅಪರೂಪದ ಸಿಹಿತಿಂಡಿಯೇ ಹೊರತು ಊಟವಲ್ಲ. ಅನ್ನ, ಚಪಾತಿ, ಬ್ರೆಡ್ಡು, ಬಿಸ್ಕತ್ತು, ಬೇಳೆ, ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು ಇವು ಯಾವುವೂ ಸಲ್ಲವು. ನಾವು ಉಂಡು ಉಳಿದುದನ್ನು ತಿಂದು ಬಾಳಲು ಇವು ನಾಯಿಯಲ್ಲ, ಕೋಳಿಯಲ್ಲ.

ಇಲ್ಲಿ ಎರಡಕ್ಕೂ ಒಂದು ದೊಡ್ಡ ಭೇದವಿದೆ. ಮೊಲದ ದೇಹ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಗಿನಿಪಿಗ್ಗಿಗೆ ಆ ಶಕ್ತಿಯಿಲ್ಲ, ಮನುಷ್ಯನಿಗೂ ಇಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿ ಒಣ ರೊಟ್ಟಿ ತಿಂದು ಬದುಕುತ್ತಿದ್ದ ನಾವಿಕರಿಗೆ ಒಸಡು ಊದಿ ರಕ್ತ ಸೋರುವ ಸ್ಕರ್ವಿ ಎಂಬ ರೋಗ ಬರುತ್ತಿತ್ತು. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು ವಿದ್ವಾಂಸರು ಗಿನಿಪಿಗ್ಗುಗಳಿಗೆ ಬರೀ ಧಾನ್ಯದ ಆಹಾರ ಕೊಟ್ಟಾಗ ಅವುಗಳಿಗೂ ಅದೇ ರೋಗ ಬಂದಿತು. ಹಸಿ ತರಕಾರಿ ಕೊಟ್ಟಾಗ ಬರಲಿಲ್ಲ. ಈ ದಾರಿಯಲ್ಲಿಯೇ ಮುಂದೆ ಸಿ ಜೀವಸತ್ವದ ಗುರುತು ಸಿಕ್ಕಿತು. 1932ರ ಹೊತ್ತಿಗೆ ಹಂಗೆರಿಯ ಸೆಂಟ್-ಜ್ಯೋರ್ಜಿ ಅದನ್ನು ಗುರುತಿಸಿದುದೂ ಗಿನಿಪಿಗ್ಗುಗಳ ಮೇಲಿನ ಪ್ರಯೋಗದಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಹೀಗೆ ನಮ್ಮ ಆರೋಗ್ಯಕ್ಕಾಗಿ ತಾನು ರೋಗ ಪಟ್ಟ ಪ್ರಾಣಿ ಅದು. ಆ ಋಣವನ್ನು ತೀರಿಸಲು ದಿನವೂ ಒಂದು ತುಂಡು ದೊಡ್ಡ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಆಗಾಗ ಒಂದು ಚೂರು ಪೇರಲ ಕೊಟ್ಟರೆ ಸಾಕು. ದೊಡ್ಡ ಮೆಣಸಿನಕಾಯಿ ಎಂದರೆ ಖಾರವಿಲ್ಲದ, ಪಲ್ಯಕ್ಕೆ ಹಾಕುವ ಜಾತಿಯದು. ಕೊಡದೆ ಹೋದರೆ ಎರಡು ಮೂರು ವಾರಗಳಲ್ಲಿ ಅದರ ಕೀಲು ನೋಯತೊಡಗುತ್ತದೆ, ನಡೆಯಲು ಒಲ್ಲದೆ ಮೂಲೆ ಸೇರುತ್ತದೆ.

ಎರಡೂ ತಮ್ಮ ಹಿಕ್ಕೆಯಲ್ಲಿ ಮೆತ್ತಗಿನ ಒಂದು ಬಗೆಯನ್ನು ಮತ್ತೆ ತಿನ್ನುವುದುಂಟು. ಹುಲ್ಲಿನ ಸತ್ವವನ್ನು ಎರಡನೆಯ ಸಲ ಹೀರಿಕೊಳ್ಳುವ ಕ್ರಮವದು. ಅಸಹ್ಯವೆಂದು ತಡೆಯಬಾರದು.

ಇನ್ನು ಹಣದ ಮಾತು. ಕೊಳ್ಳುವ ಬೆಲೆ ಏನೂ ಅಲ್ಲ, ಬಾಳಿಸುವ ಬೆಲೆಯೇ ಬೆಲೆ. ಗಿನಿಪಿಗ್ಗಿನ ಆಯುಸ್ಸು ಐದರಿಂದ ಎಂಟು ವರ್ಷ. ಮೊಲದ್ದು ಎಂಟರಿಂದ ಹನ್ನೆರಡು. ಜೋಡಿ ಗಿನಿಪಿಗ್ಗಿನ ಹುಲ್ಲು ಸೊಪ್ಪಿಗೆ ದಿನಕ್ಕೆ 20 ರೂಪಾಯಿ ಎಂದು ಹಿಡಿಯೋಣ: ವರ್ಷಕ್ಕೆ 7,300, ಆರು ವರ್ಷಕ್ಕೆ 43,800 ರೂಪಾಯಿ. ಜೋಡಿ ಮೊಲಕ್ಕೆ 30 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 10,950, ಹತ್ತು ವರ್ಷಕ್ಕೆ 1,09,500. ನಿಮ್ಮ ಪೇಟೆಯ ದರ ಹಾಕಿ ಈ ಲೆಕ್ಕವನ್ನು ನೀವೇ ಮಾಡಿರಿ. ವೈದ್ಯರ ಖರ್ಚು ಇದರಲ್ಲಿ ಸೇರಿಲ್ಲ.

4. ಬೇಸಗೆ, ಮತ್ತು ನಮ್ಮ ಮನೆಯಲ್ಲಿ ನಡೆದ ಸಂಗತಿ

ಮೂರು ವರ್ಷದ ಹಿಂದೆ ಮಗಳಿಗೆ ಏಳು ತುಂಬಿದ ದಿನ ನಾವೂ ಒಂದು ಬಿಳಿಯ ಮೊಲವನ್ನು ತಂದೆವು. ಮಾರಿದವನು, "ಏನು ಕೊಟ್ಟರೂ ತಿನ್ನುತ್ತದೆ ಸಾಹೇಬರೇ, ಎಲ್ಲಿಟ್ಟರೂ ಇರುತ್ತದೆ" ಎಂದ. ನಂಬಿದೆವು. ಖೋಲಿಯಲ್ಲಿ ಜಾಗವಿಲ್ಲವೆಂದು ಪಂಜರವನ್ನು ಗ್ಯಾಲರಿಯ ತುದಿಯಲ್ಲಿಟ್ಟೆವು. ಮೇಲೆ ತಗಡಿನ ಮಾಡು. ಚಳಿಗಾಲದಲ್ಲಿ ಅದು ಚೆನ್ನಾಗಿಯೇ ಇತ್ತು. ಮಗಳು ಶಾಲೆಯಿಂದ ಬಂದವಳೇ ಚೀಲ ಇಳಿಸದೆ ಅದರ ಮುಂದೆ ಕೂರುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ದಿನ ನಾವು ಕೆಲಸಕ್ಕೆ ಹೋಗಿದ್ದೆವು. ಮನೆಯವರು ಮಗಳನ್ನು ಕರೆದುಕೊಂಡು ಬಂಧುಗಳ ಮನೆಯ ನಾಮಕರಣಕ್ಕೆ ಹೋಗಿದ್ದರು. ಮಧ್ಯಾಹ್ನದ ಮೇಲೆ ಪಡುವಣ ಬಿಸಿಲು ನೇರವಾಗಿ ಪಂಜರಕ್ಕೆ ಬಿದ್ದಿತು. ಸಂಜೆ ಎಲ್ಲರೂ ಬಂದಾಗ ಮೊಲ ಮಗ್ಗುಲಾಗಿ ಬಿದ್ದು ಬಾಯಿ ತೆರೆದು ಏದುತ್ತಿತ್ತು, ಕಿವಿ ಬೆಂಕಿಯಂತಿತ್ತು. ಗಾಬರಿಯಿಂದ ಮಂಜಿನ ನೀರನ್ನೇ ಸುರಿದೆವು. ರಿಕ್ಷಾ ಬರುವಷ್ಟರಲ್ಲಿ ಅದು ಹೋಯಿತು. ಅಂದು ರಾತ್ರಿ ಮಗಳು ಅಳಲಿಲ್ಲ. ಒಂದೇ ಮಾತು ಕೇಳಿದಳು: "ಅಪ್ಪಾ, ಅಷ್ಟು ಸಂಕಟವಾದರೂ ಅದು ಯಾಕೆ ಕೂಗಲಿಲ್ಲ?"

ನಮ್ಮ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದೆವು. ಬೇಟೆಗೆ ಸಿಕ್ಕುವ ಪ್ರಾಣಿ ತನ್ನ ನೋವನ್ನು ಬಚ್ಚಿಡುತ್ತದೆ. ನೋವನ್ನು ತೋರಿಸಿಕೊಂಡ ಪ್ರಾಣಿಯನ್ನೇ ನರಿ ಮೊದಲು ಹಿಡಿಯುತ್ತದೆ. ಮೊಲ ಕೂಗುವುದು ತೀರ ಅಪರೂಪ. ಆದುದರಿಂದ ಅದು ಕೂಗಲಿ, ಆಮೇಲೆ ನೋಡೋಣ ಎಂದು ಕಾಯುವ ಮನೆಯಲ್ಲಿ ಮೊಲ ಬದುಕಲಾರದು.

ಈ ಎರಡು ಪ್ರಾಣಿಗಳೂ ನಮ್ಮಂತೆ ಬೆವತು ತಂಪಾಗಲಾರವು. ಮೊಲ ತನ್ನ ಉದ್ದ ಕಿವಿಗಳ ಮೂಲಕ ಸ್ವಲ್ಪ ಬಿಸಿಯನ್ನು ಹೊರಗೆ ಬಿಡುತ್ತದೆ. ಗಿನಿಪಿಗ್ಗಿಗೆ ಆ ಅನುಕೂಲವೂ ಇಲ್ಲ. ಖೋಲಿಯ ಬಿಸಿ 30 ಡಿಗ್ರಿ ದಾಟಿದರೆ ಎರಡಕ್ಕೂ ಅಪಾಯ. ಮುಂಬಯಿಯ ಬೇಸಗೆ ಇದನ್ನು ದಿನವೂ ದಾಟುತ್ತದೆ. ಆದುದರಿಂದ ಅವುಗಳ ಸ್ಥಾನ ಗ್ಯಾಲರಿಯಲ್ಲ, ಅಟ್ಟವಂತೂ ಅಲ್ಲವೇ ಅಲ್ಲ. ನೆಲದ ಮೇಲೆ, ಫರಸಿಯ ತಂಪಿನಲ್ಲಿ, ಗಾಳಿಯಾಡುವ ಮೂಲೆಯಲ್ಲಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಒಳಗಿಟ್ಟರೆ ಅದಕ್ಕೆ ಒರಗಿಕೊಳ್ಳುತ್ತವೆ. ಕುಡಿಯುವ ನೀರು ಎಂದೂ ಬತ್ತಬಾರದು. ಬಿಸಿಲು ಬಡಿದರೆ ಒಡನೆ ತಂಪಾದ ಜಾಗಕ್ಕೆ ತಂದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿ, ಕಾಲು ಒರಸಿ, ಗಾಳಿ ಬೀಸಿ, ವೈದ್ಯರಲ್ಲಿಗೆ ಒಯ್ಯಬೇಕು. ನಾವು ಮಾಡಿದಂತೆ ಮಂಜಿನ ನೀರು ಸುರಿಯಬಾರದು; ಆ ಆಘಾತವೂ ಕೆಟ್ಟದ್ದು. ದೀಪಾವಳಿಯ ಪಟಾಕಿ, ಬೀದಿಯ ದೊಡ್ಡ ಧ್ವನಿವರ್ಧಕಗಳಿಗೂ ಎರಡೂ ತೀರ ಬೆದರುತ್ತವೆ. ಅಂಥ ದಿನ ಒಳಮೂಲೆಯಲ್ಲಿ, ಅಡಗಲು ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಇಡಬೇಕು.

5. ಮಕ್ಕಳ ಕೈ

ಎತ್ತಿಕೊಳ್ಳುವುದೆಂದರೆ ಮೊಲಕ್ಕೆ ಭಯ. ಹಿಂಗಾಲುಗಳಿಗೆ ಆಧಾರವಿಲ್ಲದೆ ಎತ್ತಿದರೆ ಅದು ಬಲವಾಗಿ ಒದೆಯುತ್ತದೆ. ಆ ಒದೆತದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಹಿರಿಯರು ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಮೈಗೆ ಒತ್ತಿ ಹಿಡಿಯಬೇಕು. ಗಿನಿಪಿಗ್ಗು ಸಣ್ಣದು, ಸಾಮಾನ್ಯವಾಗಿ ಕಚ್ಚುವುದಿಲ್ಲ; ಆದರೆ ಮಗುವಿನ ಕೈಯಿಂದ ಜಾರಿ ಬಿದ್ದರೆ ಅದರದ್ದೂ ಅದೇ ಗತಿ. ಮಕ್ಕಳು ನೆಲದ ಮೇಲೆ ಕುಳಿತು, ಮಡಿಲಲ್ಲಿ ಟವೆಲು ಹಾಸಿ, ಹಿರಿಯರ ಎದುರಿನಲ್ಲಿ ಮಾತ್ರ ಮುಟ್ಟಬೇಕು.

ಗಿನಿಪಿಗ್ಗಿನ ಒಂದು ಗುಣ ನಮ್ಮಂಥವರ ಮನೆಗೆ ಬಹಳ ಒಪ್ಪುವುದು. ಅದು ಮಾತಾಡುವ ಪ್ರಾಣಿ. ಸೊಪ್ಪಿನ ಚೀಲದ ಸದ್ದು ಕೇಳಿದರೆ ಶಿಳ್ಳೆ ಹೊಡೆದಂತೆ ಕೂಗುತ್ತದೆ. ನೆಮ್ಮದಿಯಾಗಿದ್ದಾಗ ಗುಣುಗುಣು ಎನ್ನುತ್ತದೆ. ಮೊಲವು ಭಯವಾದರೆ ಹಿಂಗಾಲಿನಿಂದ ನೆಲ ಬಡಿಯುವುದು ಬಿಟ್ಟರೆ ಬಹುಮಟ್ಟಿಗೆ ಮೌನಿ. ಎರಡು ಪಾಳಿಯ ದುಡಿಮೆಯಲ್ಲಿ ದಣಿದವರು ಮೌನವನ್ನು ಓದುವಷ್ಟು ಸಮಯ ಕೊಡಬಲ್ಲರೇ ಎಂಬುದನ್ನು ತಾವೇ ಕೇಳಿಕೊಳ್ಳಬೇಕು. ಆದರೂ ಒಂದು ಮಾತು: ಹಸಿವಿಗೆ ಕೂಗುವ ಗಿನಿಪಿಗ್ಗೂ ರೋಗವನ್ನು ಬಚ್ಚಿಡುತ್ತದೆ. ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದು ವಹಿಯಲ್ಲಿ ಬರೆದಿಡಿರಿ. ತೂಕ ಇಳಿದರೆ ಅದೇ ಮೊದಲ ಕೂಗು.

6. ಒಂಟಿತನ ಮತ್ತು ಸಂತಾನ

ಊರು ಬಿಟ್ಟು ಬಂದು, ಮಾತು ಬಾರದ ಪಟ್ಟಣದಲ್ಲಿ ಮೊದಲ ವರ್ಷ ಕಳೆದವರಿಗೆ ಒಂಟಿತನವೆಂದರೇನು ಎಂದು ಹೇಳಬೇಕಾಗಿಲ್ಲ. ಈ ಎರಡೂ ಗುಂಪಿನ ಪ್ರಾಣಿಗಳು. ಸ್ವಿಟ್ಜರ್ಲೆಂಡ್ ದೇಶದಲ್ಲಿ 2008ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಒಂದೇ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲದಿದ್ದರೂ ಕರುಣೆಗೆ ಕಾನೂನು ಬೇಕಿಲ್ಲ.

ಹಾಗೆಂದು ಒಂದು ಮೊಲ, ಒಂದು ಗಿನಿಪಿಗ್ಗು ಸೇರಿಸಿ ಜೋಡಿ ಮಾಡಬಾರದು. ಮೊಲದ ಒಂದು ಒದೆತಕ್ಕೆ ಗಿನಿಪಿಗ್ಗಿನ ಪಕ್ಕೆಲುಬು ಮುರಿಯುತ್ತದೆ. ಮೊಲಕ್ಕೆ ಏನೂ ಮಾಡದೆ ಅದರ ಮೂಗಿನಲ್ಲಿರುವ ಕೆಲವು ರೋಗಾಣುಗಳು ಗಿನಿಪಿಗ್ಗಿಗೆ ಶ್ವಾಸಕೋಶದ ಕಾಯಿಲೆ ತರುತ್ತವೆ. ಭಾನುವಾರದ ಮೂರನೆಯ ಸಲಹೆಗೆ ಇದೇ ನಮ್ಮ ಉತ್ತರ.

ಜೋಡಿಯೆಂದರೆ ಒಂದೇ ಲಿಂಗದ ಜೋಡಿ. ಗಿನಿಪಿಗ್ಗುಗಳಲ್ಲಿ ಎರಡು ಹೆಣ್ಣು, ಅಥವಾ ಚಿಕ್ಕಂದಿನಿಂದ ಕೂಡಿ ಬೆಳೆದ ಎರಡು ಗಂಡು. ಅಂಗಡಿಯವನ ಮಾತನ್ನು ನಂಬದೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮೊಲ ಗರ್ಭ ಧರಿಸಿದರೆ ಒಂದೇ ತಿಂಗಳಲ್ಲಿ ಈಯುತ್ತದೆ. ಕಣ್ಣು ಬಿಡದ, ಕೂದಲಿಲ್ಲದ ಆರೆಂಟು ಮರಿಗಳು. ಗಿನಿಪಿಗ್ಗಿನ ಗರ್ಭ ಎರಡು ತಿಂಗಳಿಗೂ ಮೀರಿದ್ದು. ಎರಡು ಮೂರು ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲಿನೊಡನೆ ಹುಟ್ಟಿ ಕೆಲವೇ ದಿನಗಳಲ್ಲಿ ಸೊಪ್ಪು ಮೆಲ್ಲತೊಡಗುತ್ತವೆ. ಎರಡೂ ಈದ ಕೂಡಲೇ ಮತ್ತೆ ಗರ್ಭ ಧರಿಸಬಲ್ಲವು. ಮೊಲಗಳಿಗೆ ಶಸ್ತ್ರಕ್ರಿಯೆ ಮಾಡಿಸುವುದು ಉತ್ತಮ. ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರುವುದು ಬಹು ಸಾಮಾನ್ಯ.

ಹೆಚ್ಚಾದ ಮೊಲಗಳನ್ನು ಎಲ್ಲಿಯಾದರೂ ಬಿಟ್ಟರಾಯಿತೆಂಬ ಯೋಚನೆ ಬೇಡ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕೆಂದು ಆಸ್ಟ್ರೇಲಿಯದಲ್ಲಿ ಬಿಟ್ಟ ಕೆಲವೇ ಮೊಲಗಳು ಬೆಳೆದು ಆ ಖಂಡದ ಹೊಲ, ಹುಲ್ಲುಗಾವಲುಗಳನ್ನೇ ಬೋಳು ಮಾಡಿದವು. ನಮ್ಮ ನಗರದಲ್ಲಿ ಬಿಟ್ಟರೆ ಒಂದು ರಾತ್ರಿಯೂ ಬಾಳದೆ ನಾಯಿಯ ಪಾಲಾಗುತ್ತವೆ. ಹಸಿವು ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

7. ಕಾಯಿಲೆ ಬಂದರೆ

ಅರ್ಧ ದಿನ ಏನೂ ತಿನ್ನದೆ ಕುಳಿತರೆ, ಅಥವಾ ಹಿಕ್ಕೆ ಹಾಕುವುದು ನಿಂತರೆ, ನಾಳೆ ನೋಡೋಣ ಎನ್ನಬಾರದು. ಈ ಪ್ರಾಣಿಗಳ ಹೊಟ್ಟೆ ನಿಂತರೆ ಜೀವ ನಿಲ್ಲುತ್ತದೆ. ಮನೆಯಲ್ಲಿ ಮಿಕ್ಕ ಮಾತ್ರೆಗಳನ್ನು ಪುಡಿ ಮಾಡಿ ಕುಡಿಸುವ ಅಭ್ಯಾಸ ನಮ್ಮವರಲ್ಲಿದೆ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧವನ್ನು ಬಾಯಿಯಿಂದ ಕೊಟ್ಟರೆ ಅದು ಎರಡಕ್ಕೂ ವಿಷ. ಹೊಟ್ಟೆಯೊಳಗಿನ ಉಪಕಾರಿ ಜೀವಾಣುಗಳನ್ನು ಕೊಂದು ಪ್ರಾಣ ತೆಗೆಯುತ್ತದೆ. ಮುಂಬಯಿಯ ಪರೇಲಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪನೆಯಾದ ಬಾಯಿ ಸಾಕರಬಾಯಿ ದಿನ್ಷಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ. ಬೇರೆ ನಗರದ ವಾಚಕರು, ಮೊಲ ಮತ್ತು ಗಿನಿಪಿಗ್ಗನ್ನು ಬಲ್ಲ ವೈದ್ಯರು ಎಲ್ಲಿದ್ದಾರೆ ಎಂಬುದನ್ನು ಪ್ರಾಣಿ ಕೊಳ್ಳುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಬೇಕು. ನಾಯಿ ಬೆಕ್ಕುಗಳನ್ನು ನೋಡುವ ಎಲ್ಲರಿಗೂ ಇವುಗಳ ಅನುಭವವಿರುವುದಿಲ್ಲ.

8. ಊರಿಗೆ ಹೋಗುವ ತಿಂಗಳು

ನಮ್ಮವರ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಲಮು ಇದು. ಮೇ ತಿಂಗಳಲ್ಲಿ ಮಕ್ಕಳ ಶಾಲೆಗೆ ರಜೆ ಬಂದೊಡನೆ ನಾವೆಲ್ಲ ಉಡುಪಿ, ಮಂಗಳೂರು, ಬೆಳಗಾವಿ, ವಿಜಯಪುರ ಎಂದು ಹೊರಡುತ್ತೇವೆ. ಮನೆಗೆ ಬೀಗ. ಪಟ್ಟಣದಲ್ಲಿ ಬಿಸಿಲು ಕಡುವಾಗಿರುವುದೂ ಆಗಲೇ. ಬಸ್ಸು ರೈಲಿನ ಬಿಸಿಯಲ್ಲಿ ಈ ಪ್ರಾಣಿಗಳನ್ನು ಊರಿಗೆ ಒಯ್ಯುವುದು ಅವುಗಳನ್ನು ಕೊಂದಂತೆ. ಒಂದು ರಾಶಿ ಹುಲ್ಲು ಹಾಕಿ ಬೀಗ ಹಾಕಿದರೆ ಎರಡನೆಯ ದಿನಕ್ಕೇ ನೀರು ಮುಗಿಯುತ್ತದೆ.

ನಮ್ಮ ಮನೆಗೆ ಗಿನಿಪಿಗ್ಗುಗಳು ಬಂದುದೂ ಇಂಥದೇ ಕಾರಣದಿಂದ. ಮೊಲ ಹೋದ ಒಂದು ವರ್ಷದ ಮೇಲೆ, ಕೆಲಸ ಬಿಟ್ಟು ಊರಿಗೇ ಮರಳುತ್ತಿದ್ದ ನೆರೆಯವರು ತಮ್ಮ ಎರಡು ಹೆಣ್ಣು ಗಿನಿಪಿಗ್ಗುಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ನಾವು ಒಡನೆ ಒಪ್ಪಲಿಲ್ಲ. ಮಗಳನ್ನು ಕೂರಿಸಿಕೊಂಡು, ಈ ಪಾಠದಲ್ಲಿ ಬರೆದಿರುವ ಒಂದೊಂದನ್ನೂ ಕೇಳಿಕೊಂಡೆವು. ಮಂಚದ ಕೆಳಗೆ ಜಾಗವಿತ್ತು. ಹಗಲು ಮನೆಯವರು ಮನೆಯಲ್ಲಿದ್ದರು. ಮೇ ತಿಂಗಳಿಗೆ ಮೇಲಿನ ಮಾಳಿಗೆಯ ಅಜ್ಜಿಯೊಬ್ಬರು, "ನಾನು ಎಲ್ಲಿಗೂ ಹೋಗುವವಳಲ್ಲಪ್ಪ, ಬಿಟ್ಟು ಹೋಗಿ" ಎಂದರು. ಆಮೇಲೆ ತಂದೆವು. ಈಗ ತೂಕದ ವಹಿಯನ್ನು ಬರೆಯುವವಳು ಮಗಳೇ.

9. ತೀರ್ಮಾನ

ಒಂದೇ ಖೋಲಿ, ಹಗಲು ಮನೆಯಲ್ಲಿ ಒಬ್ಬರಾದರೂ ಇರುವವರು, ನೆಲದಲ್ಲಿ ತಂಪಾದ ಮೂಲೆ, ದಿನವೂ ಸೊಪ್ಪು ತರುವ ಶಿಸ್ತು, ಇವಿಷ್ಟು ಇದ್ದರೆ ಒಂದೇ ಲಿಂಗದ ಎರಡು ಗಿನಿಪಿಗ್ಗುಗಳು ಒಪ್ಪುತ್ತವೆ. ಎರಡು ಮೂರು ಕೋಣೆಯ ಮನೆ, ಓಡಲು ಬಿಡುವಷ್ಟು ನೆಲ, ಹತ್ತು ವರ್ಷದ ಹೊಣೆಯನ್ನು ಹೊರುವ ಹಿರಿಯರು, ಮೌನವನ್ನು ಗಮನಿಸುವ ತಾಳ್ಮೆ ಇದ್ದವರು ಜೋಡಿ ಮೊಲವನ್ನು ಸಾಕಬಹುದು. ಅದರಂಥ ಬುದ್ಧಿವಂತ, ಆಟಗಾರ ಸಂಗಾತಿ ಮತ್ತೊಂದಿಲ್ಲ. ಗಂಡ ಹೆಂಡತಿ ಇಬ್ಬರೂ ಹಗಲು ದುಡಿಯಲು ಹೋಗುವವರು, ತಗಡಿನ ಮಾಡಿನ ಕೆಳಗಿರುವವರು, ಮೇ ತಿಂಗಳಿಗೆ ನೋಡಿಕೊಳ್ಳುವವರಿಲ್ಲದವರು ಸದ್ಯಕ್ಕೆ ಎರಡನ್ನೂ ತರದಿರುವುದೇ ಲೇಸು. ಕಿಟಕಿಯಲ್ಲಿ ಗುಬ್ಬಿಗೆ ಒಂದು ಬಟ್ಟಲು ನೀರಿಡುವುದೂ ಮಗುವಿಗೆ ಪ್ರಾಣಿದಯೆಯನ್ನೇ ಕಲಿಸುತ್ತದೆ. ಮಗುವಿಗೆ ಬೇಡವೆಂದು ಹೇಳುವುದು ಕಷ್ಟ. ಆದರೆ ಸತ್ತ ಪ್ರಾಣಿಯ ಮುಂದೆ ಅದರ ಪ್ರಶ್ನೆಗೆ ಉತ್ತರ ಕೊಡುವುದು ಅದಕ್ಕಿಂತ ಕಷ್ಟವೆಂಬುದನ್ನು ನಾವು ಅನುಭವಿಸಿ ಹೇಳುತ್ತಿದ್ದೇವೆ.

ಭಾನುವಾರದ ಸದಸ್ಯರು ಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿದ್ದಾರೆ. ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬರಲು, ಒಂದು ವಾರ ದಿನವೂ ಗಿನಿಪಿಗ್ಗುಗಳ ನೆಲ ಗುಡಿಸಿ ನೋಡಲು ಒಪ್ಪಿದ್ದಾರೆ. ಹಟ ಅಷ್ಟರಲ್ಲಿ ಉಳಿದರೆ ಅದು ಪ್ರೀತಿ. ಉಳಿಯದಿದ್ದರೆ ಒಂದು ಪ್ರಾಣಿ ಬದುಕಿತು.

ಮನೆಯಲ್ಲಿ ಪ್ರಾಣಿಗಳಿರುವ ಸದಸ್ಯರು ತಮ್ಮ ಹೆಸರು ಮತ್ತು ಊರಿಗೆ ಹೋಗುವ ತಿಂಗಳನ್ನು ವಾಚನಾಲಯದ ಫಲಕದಲ್ಲಿ ಬರೆಯಬೇಕೆಂದು ಕೋರುತ್ತೇವೆ. ಮೇ ತಿಂಗಳಲ್ಲಿ ಇಲ್ಲಿ ಉಳಿಯುವವರು ಹೋಗುವವರ ಪ್ರಾಣಿಗಳನ್ನು ನೋಡಿಕೊಳ್ಳಲಿ. ದೀಪಾವಳಿಗೆ ಅವರು ಇವರದನ್ನು ನೋಡಿಕೊಳ್ಳಲಿ. ಪರವೂರಿನಲ್ಲಿ ನಾವು ಒಬ್ಬರಿಗೊಬ್ಬರು ಆಗುವುದು ಹೀಗೆಯೇ ಅಲ್ಲವೇ?

ಕೊಳ್ಳುವ ಮುನ್ನ ಮನೆಯವರೆಲ್ಲ ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳು

1. ಬೇಸಗೆಯ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಯಲ್ಲಿ ಅತ್ಯಂತ ತಂಪಾದ ಜಾಗ ಯಾವುದು? ಅದು ಪ್ರಾಣಿಗೆ ಸಾಕಾಗುವಷ್ಟಿದೆಯೇ?

2. ದಿನವೂ ಸೊಪ್ಪು ತರುವವರು ಯಾರು? ಅವರಿಗೆ ಜ್ವರ ಬಂದ ದಿನ ತರುವವರು ಯಾರು?

3. ಮನೆಯ ಮಾಲೀಕರ ಒಪ್ಪಿಗೆ ಇದೆಯೇ?

4. ಮೊಲವಾದರೆ ಹತ್ತು ವರ್ಷ, ಗಿನಿಪಿಗ್ಗಾದರೆ ಆರು ವರ್ಷ. ಅಷ್ಟು ಕಾಲ ನಾವು ಈ ಊರಿನಲ್ಲೇ ಇರುವೆವೇ?

5. ಮೇ ತಿಂಗಳಲ್ಲಿ ಯಾರ ಮನೆಯಲ್ಲಿ ಬಿಡುವುದು? ಅವರನ್ನು ಕೇಳಿದ್ದಾಯಿತೇ?

ಐದಕ್ಕೂ ಉತ್ತರ ಬರೆದು ಮುಗಿದ ಮೇಲೆ ಅಂಗಡಿಗೆ ಹೋಗಿರಿ. ಒಂದಕ್ಕೆ ಉತ್ತರ ಸಿಕ್ಕದಿದ್ದರೂ ವಾಚನಾಲಯಕ್ಕೆ ಬನ್ನಿರಿ, ಕೂಡಿ ಯೋಚಿಸೋಣ.